ಬಾಗ್ದಾದ್‌ಗೆ ಅತಿಥಿಗಳು ಬಂದರು, ದೊರೆಗಳು ಯಾಕೆ ಬರಲಿಲ್ಲ?

2025ರ ಮೇ 17ರಂದು ಬಾಗ್ದಾದ್‌ನಲ್ಲಿ ಅರಬ್ ಲೀಗ್‌ನ 34ನೇ ಶೃಂಗಸಭೆ ನಡೆಯಿತು. ಬಾಂಬ್ ಸಿಡಿಯಲಿಲ್ಲ, ರಾಕೆಟ್ ಬೀಳಲಿಲ್ಲ, ಬಂದವರೆಲ್ಲ ಸುರಕ್ಷಿತವಾಗಿ ವಾಪಸ್ ಹೋದರು. ಇರಾಕ್ ರಾಜಧಾನಿಯ ಕಳೆದ ನಲವತ್ತು ವರ್ಷಗಳ ಕಥೆ ಗೊತ್ತಿರುವವರಿಗೆ ಇಷ್ಟೇ ದೊಡ್ಡ ಸುದ್ದಿ. ಈಜಿಪ್ಟ್ ಅಧ್ಯಕ್ಷ ಸಿಸಿ ಬಂದರು, ಕತಾರ್ ದೊರೆ ತಮೀಮ್ ಬಂದರು, ಪ್ಯಾಲೆಸ್ಟೀನ್‌ನ ಮಹಮೂದ್ ಅಬ್ಬಾಸ್ ಬಂದರು. ಅರಬ್ಬರಲ್ಲದವರ ಪೈಕಿ ವಿಶ್ವಸಂಸ್ಥೆಯ ಗುಟೆರಸ್ ಮತ್ತು ಸ್ಪೇನ್ ಪ್ರಧಾನಿ ಪೆಡ್ರೊ ಸಾಂಚೆಝ್ ಕೂಡ ಬಂದಿದ್ದರು. ಆದರೆ ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಬರಲಿಲ್ಲ. ಪಕ್ಕದ ಕುವೈತ್‌ನ ದೊರೆ ಬರಲಿಲ್ಲ. ಇನ್ನೊಂದು ನೆರೆದೇಶ ಸಿರಿಯಾದ ಹೊಸ ಅಧ್ಯಕ್ಷ ಅಹ್ಮದ್ ಅಲ್-ಶರಾ ಅವರಿಗೂ ಆಹ್ವಾನ ಹೋಗಿತ್ತು. ಅವರು ಬರಲಿಲ್ಲ, ವಿದೇಶಾಂಗ ಸಚಿವರನ್ನು ಕಳಿಸಿದರು.

ಅದೇ ವಾರ ಅಮೆರಿಕದ ಅಧ್ಯಕ್ಷ ಟ್ರಂಪ್ ರಿಯಾದ್, ದೋಹಾ, ಅಬುಧಾಬಿ ಸುತ್ತಿ ಹೋಗಿದ್ದರು. ಎಲ್ಲ ಕ್ಯಾಮೆರಾಗಳೂ ಅಲ್ಲೇ ಇದ್ದವು. ಮೇ 14ರಂದು ರಿಯಾದ್‌ನಲ್ಲಿ ಟ್ರಂಪ್ ಕೈ ಕುಲುಕಿದ ಅದೇ ಅಲ್-ಶರಾ, ಮೂರು ದಿನ ಆದಮೇಲೆ ಪಕ್ಕದ ಮನೆಯಂಥ ಬಾಗ್ದಾದ್‌ಗೆ ಬರಲಾಗಲಿಲ್ಲ. ಇದನ್ನು ಬರೀ ಕಾಕತಾಳೀಯ ಅಂತ ಬಿಟ್ಟುಬಿಡುವ ಹಾಗಿಲ್ಲ. ಒಂದು ಊರು ಯುದ್ಧದಿಂದ ಎದ್ದು ನಿಂತಿದೆ ಅಂತ ಜಗತ್ತಿಗೆ ತೋರಿಸಲು ಶೃಂಗಸಭೆ ಕರೆಯುತ್ತದೆ. ಹೋಟೆಲ್ ಸಿದ್ಧ, ರಸ್ತೆ ಸಿದ್ಧ, ಪೊಲೀಸ್ ಸಿದ್ಧ. ಆದರೂ ಮುಖ್ಯವಾದವರು ಬರುವುದಿಲ್ಲ. ಯಾಕೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಾಗ್ದಾದ್‌ಗೆ ಅತಿಥಿಗಳನ್ನು ಕಾಪಾಡುವುದು ಈಗ ಬರುತ್ತದೆ. ಯಾರನ್ನು ಕರೆಯಬೇಕು ಅಂತ ಒಬ್ಬರೇ ತೀರ್ಮಾನಿಸುವುದು ಇನ್ನೂ ಬಂದಿಲ್ಲ. ಜೊತೆಗೆ ಈ ಊರು ರಾಜತಾಂತ್ರಿಕವಾಗಿ ಮಾಡಿದ ಅತ್ಯಂತ ಒಳ್ಳೆಯ ಕೆಲಸ ಯಾವ ಶೃಂಗಸಭೆಯಲ್ಲೂ ಆಗಿದ್ದಲ್ಲ, ಕ್ಯಾಮೆರಾ ಇಲ್ಲದ ಕೋಣೆಯಲ್ಲಿ ಆಗಿದ್ದು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಮೊದಲು ಒಂದು ಹೋಟೆಲ್ ಕಥೆ. ಅಲ್-ರಶೀದ್ ಹೋಟೆಲ್.

1982ರ ಸೆಪ್ಟೆಂಬರ್‌ನಲ್ಲಿ ಅಲಿಪ್ತ ರಾಷ್ಟ್ರಗಳ ಏಳನೇ ಶೃಂಗಸಭೆ ಬಾಗ್ದಾದ್‌ನಲ್ಲಿ ಆಗಬೇಕಿತ್ತು. ಸದ್ದಾಂ ಹುಸೇನ್‌ಗೆ ಅದು ಪ್ರತಿಷ್ಠೆಯ ಪ್ರಶ್ನೆ. ಎಣ್ಣೆ ದುಡ್ಡು ಕೈತುಂಬ ಇತ್ತು. ಅತಿಥಿಗಳಿಗೆಂದು ಎತ್ತರದ ಅಲ್-ರಶೀದ್ ಹೋಟೆಲ್ ಎದ್ದಿತು, ಅದೇ ಕಾಲದಲ್ಲಿ ಎದುರಿಗೇ ದೊಡ್ಡ ಸಮ್ಮೇಳನ ಭವನವೂ ಬಂತು. ಆದರೆ 1980ರಲ್ಲಿ ಸದ್ದಾಂ ಅವರೇ ಇರಾನ್ ಮೇಲೆ ಶುರು ಮಾಡಿದ ಯುದ್ಧ ಮುಗಿದಿರಲಿಲ್ಲ. ಬಾಗ್ದಾದ್ ಸುರಕ್ಷಿತವಲ್ಲ ಅಂತ ತೋರಿಸುವುದೇ ಇರಾನ್‌ಗೆ ಬೇಕಿತ್ತು. 1982ರ ಜುಲೈ 21ರಂದು ಇರಾನ್‌ನ ಫ್ಯಾಂಟಮ್ ಯುದ್ಧವಿಮಾನಗಳು ಬಾಗ್ದಾದ್ ಮೇಲೇ ದಾಳಿಗೆ ಬಂದವು. ಒಂದು ವಿಮಾನ ಉರುಳಿತು, ಪೈಲಟ್ ಸತ್ತರು, ಆದರೆ ಸಂದೇಶ ತಲುಪಿತ್ತು. ಕೆಲವೇ ವಾರಗಳಲ್ಲಿ ಸದ್ದಾಂ ಸಭೆಯನ್ನು ಬಿಟ್ಟುಕೊಟ್ಟರು.

ಆ ಸಭೆ ಎಲ್ಲಿಗೆ ಹೋಯಿತು ಗೊತ್ತಲ್ವಾ? ನಮ್ಮ ದೆಹಲಿಗೆ. 1983ರ ಮಾರ್ಚ್‌ನಲ್ಲಿ ವಿಜ್ಞಾನ ಭವನದಲ್ಲಿ ಇಂದಿರಾ ಗಾಂಧಿಯವರನ್ನು ಫಿಡೆಲ್ ಕಾಸ್ಟ್ರೊ ಎಲ್ಲರೆದುರು ತಬ್ಬಿಕೊಂಡ ಆ ಫೋಟೋ ಇದೆಯಲ್ಲ, ಅದು ಬಾಗ್ದಾದ್‌ನಲ್ಲಿ ತೆಗೆಯಬೇಕಿದ್ದ ಫೋಟೋ. ಒಂದು ರಾಜಧಾನಿ ಕಳೆದುಕೊಂಡಿದ್ದು ಇನ್ನೊಂದರ ಹೆಮ್ಮೆಯಾಯಿತು.

ಹೋಟೆಲ್ ಮಾತ್ರ ಅಲ್ಲೇ ಉಳಿಯಿತು. 1991ರ ಜನವರಿಯಲ್ಲಿ ಅಮೆರಿಕದ ಬಾಂಬ್ ದಾಳಿ ಶುರುವಾದ ರಾತ್ರಿ ಸಿಎನ್‌ಎನ್ ವರದಿಗಾರರು ಇದರ ಒಂಬತ್ತನೇ ಮಹಡಿಯಿಂದಲೇ ಜಗತ್ತಿಗೆ ಸುದ್ದಿ ಕೊಟ್ಟರು. 1993ರ ಜನವರಿಯಲ್ಲಿ ಒಂದು ಇಸ್ಲಾಮಿಕ್ ಸಮ್ಮೇಳನಕ್ಕೆ ಬಂದವರು ತಂಗಿದ್ದಾಗಲೇ ಅಮೆರಿಕದ ಕ್ಷಿಪಣಿ ದಾಳಿಯ ಏಟು ಹೋಟೆಲ್‌ಗೂ ಬಿದ್ದು ಅಲ್ಲಿನ ಕೆಲಸಗಾರರು ಸತ್ತರು. ಆಮೇಲೆ ಬಾಗಿಲ ನೆಲಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ ಅವರ ಮುಖವನ್ನು ಮೊಸಾಯಿಕ್‌ನಲ್ಲಿ ಕೂರಿಸಿದರು. ಒಳಗೆ ಬರುವ ಪ್ರತಿಯೊಬ್ಬ ಅತಿಥಿಯೂ ಅದನ್ನು ತುಳಿದೇ ಬರಬೇಕು. 2003ರಲ್ಲಿ ಅಮೆರಿಕದ ಸೈನಿಕರು ಬಂದು ಅದನ್ನು ಒಡೆದು ತೆಗೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ರಕ್ಷಣಾ ಉಪ ಕಾರ್ಯದರ್ಶಿ ಪೌಲ್ ವುಲ್ಫೊವಿಟ್ಝ್ ಇಲ್ಲಿ ತಂಗಿದ್ದಾಗ ರಾಕೆಟ್‌ಗಳು ಹೋಟೆಲ್ ಗೋಡೆಗೆ ಬಂದು ಬಡಿದವು. ಅವರು ಪಾರಾದರು, ಒಬ್ಬ ಅಮೆರಿಕನ್ ಸೇನಾಧಿಕಾರಿ ಸತ್ತರು.

ಎದುರಿನ ಸಮ್ಮೇಳನ ಭವನ ಮುಂದೆ ಇರಾಕ್ ಸಂಸತ್ತಾಯಿತು. 2007ರಲ್ಲಿ ಅದರ ಕ್ಯಾಂಟೀನ್‌ನಲ್ಲೇ ಬಾಂಬ್ ಸಿಡಿಯಿತು. 2016ರಲ್ಲಿ ಒಮ್ಮೆ, 2022ರ ಜುಲೈನಲ್ಲಿ ಮತ್ತೆ, ಶಿಯಾ ಧರ್ಮಗುರು ಮುಕ್ತದಾ ಅಲ್-ಸದರ್ ಬೆಂಬಲಿಗರು ಸಂಸತ್ತಿಗೆ ನುಗ್ಗಿ ಕೂತರು. ಜಗತ್ತನ್ನು ಬರಮಾಡಿಕೊಳ್ಳಲು ಕಟ್ಟಿದ ಒಂದೇ ರಸ್ತೆಯ ಎರಡು ಕಟ್ಟಡಗಳು, ಮತ್ತು ಅವುಗಳ ಮೇಲೆ ಹೊರಗಿನವರೂ ಒಳಗಿನವರೂ ಸರದಿಯ ಮೇಲೆ ಬಂದು ಬಿದ್ದದ್ದು. ಬಾಗ್ದಾದ್ ಆತಿಥ್ಯದ ಚರಿತ್ರೆ ಇಷ್ಟರಲ್ಲೇ ಸಿಗುತ್ತದೆ.

ರಾಯಭಾರಿಗಳು ಈ ಊರು ಬಿಟ್ಟದ್ದಕ್ಕೂ ಕಾರಣ ಇದೆ. 2003ರ ಆಗಸ್ಟ್ 7ರಂದು ಜೋರ್ಡನ್ ರಾಯಭಾರ ಕಚೇರಿ ಮುಂದೆ ಬಾಂಬ್ ಸಿಡಿಯಿತು. 12 ದಿನ ಬಿಟ್ಟು ಆಗಸ್ಟ್ 19ರಂದು ವಿಶ್ವಸಂಸ್ಥೆ ಇದ್ದ ಕೆನಾಲ್ ಹೋಟೆಲ್ ಮೇಲೆ ಲಾರಿ ಬಾಂಬ್ ದಾಳಿ ಆಯಿತು. ಇರಾಕ್‌ನಲ್ಲಿ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿದ್ದ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಸೇರಿ 22 ಜನ ಸತ್ತರು. 2005ರಲ್ಲಿ ಈಜಿಪ್ಟ್‌ನ ರಾಯಭಾರಿಯನ್ನು ಅಪಹರಿಸಿ ಕೊಂದರು. ಉಳಿದವರು ಕಾಂಕ್ರೀಟ್ ಗೋಡೆಗಳ ಹಿಂದಿನ ಗ್ರೀನ್ ಝೋನ್ ಸೇರಿದರು, ಅಥವಾ ಜೋರ್ಡನ್ ರಾಜಧಾನಿ ಅಮ್ಮಾನ್‌ನಲ್ಲಿ ಕೂತು ಬಾಗ್ದಾದ್ ಕೆಲಸ ನೋಡಿಕೊಂಡರು. ಕುವೈತ್ ಯುದ್ಧದ ಹೊತ್ತಿಗೆ ಮುಚ್ಚಿದ್ದ ಸೌದಿ ರಾಯಭಾರ ಕಚೇರಿಯಂತೂ ಮತ್ತೆ ತೆರೆಯಲು ಸುಮಾರು 25 ವರ್ಷ ಬೇಕಾಯಿತು.

ಇಂಥ ಊರು 2012ರ ಮಾರ್ಚ್‌ನಲ್ಲಿ ಅರಬ್ ಶೃಂಗಸಭೆ ಕರೆಯಿತು. ಅಮೆರಿಕದ ಸೇನೆ ಹೊರಟು ಮೂರು ತಿಂಗಳಷ್ಟೇ ಆಗಿತ್ತು. ಪ್ರಧಾನಿ ನೂರಿ ಅಲ್-ಮಾಲಿಕಿಗೆ ತಾನು ಸ್ವತಂತ್ರ ದೇಶದ ಯಜಮಾನ ಅಂತ ತೋರಿಸಬೇಕಿತ್ತು. ವರದಿಗಳ ಪ್ರಕಾರ ಸುಮಾರು 50 ಕೋಟಿ ಡಾಲರ್ ಖರ್ಚಾಯಿತು. ದೊಡ್ಡ ಹೋಟೆಲ್‌ಗಳಿಗೆ ಹೊಸ ಮೈ ಬಂತು, ವಿಮಾನ ನಿಲ್ದಾಣದ ರಸ್ತೆಗೆ ಗಿಡ ನೆಟ್ಟರು. ಸುಮಾರು ಒಂದು ಲಕ್ಷ ಸೈನಿಕರು, ಪೊಲೀಸರು ಬೀದಿಗಿಳಿದರು. ಕಚೇರಿಗಳಿಗೆ ರಜೆ, ಸೇತುವೆಗಳು ಬಂದ್, ಮೊಬೈಲ್ ಸಿಗುತ್ತಿರಲಿಲ್ಲ. ಜನರನ್ನು ಮನೆಯೊಳಗೆ ಕೂರಿಸಿ ಊರನ್ನು ಸುರಕ್ಷಿತ ಮಾಡಿದರು. ಅಷ್ಟಾದರೂ ನಾಯಕರ ಸಭೆಯ ದಿನ ಇರಾನ್ ರಾಯಭಾರ ಕಚೇರಿ ಹತ್ತಿರ ಸ್ಫೋಟದ ಸದ್ದು ಕೇಳಿತು.

ಆ ಲಕ್ಷ ಜನ ಕಾವಲುಗಾರರ ಕೈಯಲ್ಲಿ ಏನಿತ್ತು ಅನ್ನುವುದನ್ನು ಸ್ವಲ್ಪ ನೋಡಬೇಕು. ಬಾಗ್ದಾದ್ ಚೆಕ್‌ಪೋಸ್ಟ್‌ಗಳಲ್ಲಿ ಆಗ ಎಡಿಇ-651 ಅನ್ನುವ ಬಾಂಬ್ ಪತ್ತೆ ಯಂತ್ರ ಬಳಸುತ್ತಿದ್ದರು. ಒಂದು ಪ್ಲಾಸ್ಟಿಕ್ ಹಿಡಿ, ಮುಂದೆ ಅಲ್ಲಾಡುವ ಒಂದು ಆಂಟೆನಾ. ಕಾರ್ ಪಕ್ಕ ಸೈನಿಕ ನಡೆದು ಹೋಗುತ್ತಾನೆ, ಆಂಟೆನಾ ತಿರುಗಿದರೆ ಬಾಂಬ್ ಇದೆ ಅಂತ ಅರ್ಥ. ಒಳಗೆ ಬ್ಯಾಟರಿ ಇಲ್ಲ, ಏನೂ ಇಲ್ಲ. ಗಾಲ್ಫ್ ಚೆಂಡು ಹುಡುಕುವ ಆಟದ ಸಾಮಾನನ್ನು ನೋಡಿ ಮಾಡಿದ ಪೂರ್ತಿ ನಕಲಿ ಮಾಲು. ಇದಕ್ಕೆ ಇರಾಕ್ ಕೊಟ್ಟದ್ದು ಕೋಟಿಗಟ್ಟಲೆ ಡಾಲರ್. 2013ರಲ್ಲಿ ಬ್ರಿಟನ್‌ನ ಕೋರ್ಟ್ ಮಾರಿದವನಿಗೆ 10 ವರ್ಷ ಜೈಲು ವಿಧಿಸಿತು. ಆಮೇಲೂ ಬಾಗ್ದಾದ್ ಸೈನಿಕರು ಅದನ್ನೇ ಹಿಡಿದು ನಿಂತಿದ್ದರು! 2016ರ ಜುಲೈನಲ್ಲಿ ಕರ್ರಾದಾ ಪೇಟೆಯಲ್ಲಿ ಹಬ್ಬದ ವ್ಯಾಪಾರಕ್ಕೆ ಬಂದಿದ್ದ 300ಕ್ಕೂ ಜಾಸ್ತಿ ಜನ ಒಂದೇ ಬಾಂಬ್‌ಗೆ ಸತ್ತಮೇಲೆ ಸರ್ಕಾರ ಅದನ್ನು ನಿಲ್ಲಿಸಿತು. ಅತಿಥಿಗಳ ಹೋಟೆಲ್‌ಗೆ ಅಮೃತಶಿಲೆ ಹಾಕಿಸಿದ ಅದೇ ಆಡಳಿತ ಊರಿನವರ ಪ್ರಾಣ ಕಾಯಲು ಪ್ಲಾಸ್ಟಿಕ್ ಕಡ್ಡಿ ಕೊಟ್ಟಿತ್ತು ಅಂದರೆ ಸಿಟ್ಟು ಬರದೆ ಇರುತ್ತದಾ?

2012ರ ಸಭೆಗೆ 22 ಸದಸ್ಯರ ಪೈಕಿ ಹತ್ತರ ಆಸುಪಾಸು ನಾಯಕರು ಬಂದರು. ಕುವೈತ್ ದೊರೆ ಶೇಖ್ ಸಬಾ ಬಂದದ್ದು ನಿಜಕ್ಕೂ ದೊಡ್ಡ ವಿಷಯ. 1990ರ ಮೇ ತಿಂಗಳಲ್ಲಿ ಇದೇ ಬಾಗ್ದಾದ್‌ನ ಅರಬ್ ಶೃಂಗಸಭೆಯಲ್ಲಿ ಸದ್ದಾಂ ಎಣ್ಣೆ ಬೆಲೆ ವಿಚಾರಕ್ಕೆ ಹರಿಹಾಯ್ದಿದ್ದರು, ಆಗಸ್ಟ್ 2ಕ್ಕೆ ಕುವೈತ್‌ಗೇ ನುಗ್ಗಿದ್ದರು. ಅದಾದ 22 ವರ್ಷಕ್ಕೆ ಕುವೈತ್ ದೊರೆ ಬಾಗ್ದಾದ್ ನೆಲ ಮೆಟ್ಟಿದರು. ಆದರೆ ಸೌದಿ ಅರೇಬಿಯಾ ಬರೀ ಒಬ್ಬ ರಾಯಭಾರಿಯನ್ನು ಕಳಿಸಿತು. ಕತಾರ್ ಕೂಡ ಕೆಳಹಂತದ ಪ್ರತಿನಿಧಿಯನ್ನು ಕಳಿಸಿ, ಇದು ಇರಾಕ್‌ನ ಸುನ್ನಿಗಳನ್ನು ನಡೆಸಿಕೊಳ್ಳುತ್ತಿರುವ ರೀತಿಗೆ ನಮ್ಮ ಸಂದೇಶ ಅಂತ ಬಾಯಿಬಿಟ್ಟೇ ಹೇಳಿತು. ಸುನ್ನಿ ನಾಯಕ, ಉಪರಾಷ್ಟ್ರಪತಿ ತಾರಿಕ್ ಅಲ್-ಹಾಶಿಮಿ ಮೇಲೆ ಶಿಯಾ ಪ್ರಧಾನಿ ಮಾಲಿಕಿಯ ಸರ್ಕಾರ ಬಂಧನ ವಾರಂಟ್ ಹೊರಡಿಸಿ ಆಗಿನ್ನೂ ಕೆಲವೇ ತಿಂಗಳು. ಮನೆಯೊಳಗಿನ ಜಗಳ ಅತಿಥಿಗಳ ಪಟ್ಟಿಯಲ್ಲೇ ಕಾಣುತ್ತಿತ್ತು. ಎರಡು ವರ್ಷಕ್ಕೆ, 2014ರ ಜೂನ್‌ನಲ್ಲಿ, ಐಸಿಸ್ ಮೋಸುಲ್ ಹಿಡಿಯಿತು. ಇಡೀ ದೇಶ ಕುಸಿಯುವ ಹಂತಕ್ಕೆ ಬಂತು.

ಈಗ 2025ಕ್ಕೆ ಬರೋಣ. 13 ವರ್ಷದಲ್ಲಿ ಊರು ಬದಲಾಗಿದೆ, ಅದರಲ್ಲಿ ಅನುಮಾನ ಇಲ್ಲ. ಬೀದಿಬೀದಿಯಲ್ಲಿದ್ದ ಕಾಂಕ್ರೀಟ್ ಗೋಡೆಗಳು ಬಹಳಷ್ಟು ಕಡೆ ಹೋಗಿವೆ. 2019ರ ಜೂನ್‌ನಲ್ಲಿ ಗ್ರೀನ್ ಝೋನ್ ರಸ್ತೆಗಳನ್ನು ಜನರಿಗೆ ಬಿಟ್ಟರು. ಹೊಸ ಫ್ಲೈಓವರ್‌ಗಳು ಬಂದಿವೆ. 2007ರ ಮಾರ್ಚ್‌ನಲ್ಲಿ ಕಾರ್ ಬಾಂಬ್ ಸುಟ್ಟುಹಾಕಿದ್ದ ಅಲ್-ಮುತನಬ್ಬಿ ಬೀದಿಯನ್ನು ದುರಸ್ತಿ ಮಾಡಿ 2021ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದರು. ಶುಕ್ರವಾರ ಬಂತೆಂದರೆ ಅಲ್ಲಿ ಪುಸ್ತಕದ ರಾಶಿಗಳ ನಡುವೆ ಕಾಲಿಡಲು ಜಾಗ ಇರುವುದಿಲ್ಲ. ಶಾಬಂದರ್ ಚಹಾ ಅಂಗಡಿ ತುಂಬಿರುತ್ತದೆ. ಇದು ತೋರಿಕೆಯ ಚೇತರಿಕೆ ಅಲ್ಲ, ನಿಜವಾದದ್ದು.

ಹಾಗಿದ್ದರೂ ಅಲ್-ಶರಾ ಯಾಕೆ ಬರಲಿಲ್ಲ? 2025ರ ಏಪ್ರಿಲ್‌ನಲ್ಲಿ ಇರಾಕ್ ಪ್ರಧಾನಿ ಮೊಹಮ್ಮದ್ ಶಿಯಾ ಅಲ್-ಸುದಾನಿ ದೋಹಾದಲ್ಲಿ ಅವರನ್ನು ಭೇಟಿಯಾಗಿ ಮಾತಾಡಿದ್ದರು, ಕತಾರ್ ಮಧ್ಯಸ್ಥಿಕೆಯಲ್ಲಿ. ಆಹ್ವಾನವೂ ಹೋಯಿತು. ಬಾಗ್ದಾದ್‌ನಲ್ಲಿ ಗದ್ದಲ ಎದ್ದಿತು. ಅಲ್-ಶರಾ ಒಂದು ಕಾಲಕ್ಕೆ ಇರಾಕ್‌ನಲ್ಲಿ ಅಲ್-ಖೈದಾ ಜೊತೆ ಇದ್ದವರು, ಅಮೆರಿಕದವರ ಜೈಲಿನಲ್ಲಿ ವರ್ಷಗಟ್ಟಲೆ ಇದ್ದವರು. ಅಲ್-ಖೈದಾ ಬಾಂಬ್‌ಗಳಿಗೆ ಮನೆಯವರನ್ನು ಕಳೆದುಕೊಂಡ ಕುಟುಂಬಗಳು ಆ ಊರಿನ ಬೀದಿಬೀದಿಯಲ್ಲೂ ಇವೆ. ಅವರ ಸಿಟ್ಟನ್ನು ಯಾರೂ ಸಣ್ಣದು ಮಾಡಬಾರದು. ಆದರೆ ಸಂಸದರು ಸಹಿ ಸಂಗ್ರಹ ಶುರು ಮಾಡಿದ್ದು, ಅಸಾಯಿಬ್ ಅಹ್ಲ್ ಅಲ್-ಹಕ್ ಎಂಬ ಸಶಸ್ತ್ರ ಗುಂಪಿನ ನಾಯಕ ಕೈಸ್ ಅಲ್-ಖಝಾಲಿ, ಅಲ್-ಶರಾ ಮೇಲೆ ವಾರಂಟ್ ಇದೆ, ಬಂದರೆ ಬಂಧನವೂ ಆಗಬಹುದು ಅನ್ನುವ ಅರ್ಥದಲ್ಲಿ ಮಾತಾಡಿದ್ದು ಬೇರೆಯೇ ವಿಷಯ. ಪ್ರಧಾನಿ ಕರೆದ ಅತಿಥಿಯನ್ನು ಪ್ರಧಾನಿಯ ಮೈತ್ರಿಕೂಟದವರೇ ಬಾಗಿಲಲ್ಲಿ ತಡೆಯುವ ಮಾತು ಅದು. ಯಾವ ದೇಶದ ಮುಖ್ಯಸ್ಥ ತಾನೇ ಆಮೇಲೆ ವಿಮಾನ ಹತ್ತುತ್ತಾನೆ?

ಇಲ್ಲೇ ಸಮಸ್ಯೆಯ ಬುಡ ಇದೆ. 2014ರಲ್ಲಿ ಐಸಿಸ್ ವಿರುದ್ಧ ಹೋರಾಡಲು ಹಿರಿಯ ಶಿಯಾ ಧರ್ಮಗುರು ಅಲ್-ಸಿಸ್ತಾನಿ ಕರೆ ಕೊಟ್ಟಾಗ ಹುಟ್ಟಿದ ಹಶ್ದ್ ಅಲ್-ಶಾಬಿ ಪಡೆಗಳು ಆ ಯುದ್ಧದಲ್ಲಿ ಪ್ರಾಣ ಕೊಟ್ಟು ಹೋರಾಡಿದವು, 2016ರಲ್ಲಿ ಕಾನೂನಿನ ಪ್ರಕಾರ ಸರ್ಕಾರಿ ಪಡೆಯೂ ಆದವು. ಸಂಬಳ ಇರಾಕ್ ಬೊಕ್ಕಸದ್ದು. ಆದರೆ ಅವುಗಳಲ್ಲಿ ಹಲವು ಗುಂಪುಗಳ ನಿಷ್ಠೆ ಟೆಹರಾನ್ ಕಡೆಗೆ. 2020ರ ಜನವರಿ 3ರಂದು ಬಾಗ್ದಾದ್ ವಿಮಾನ ನಿಲ್ದಾಣದ ಹತ್ತಿರವೇ ಅಮೆರಿಕದ ಡ್ರೋನ್ ಇರಾನ್‌ನ ಜನರಲ್ ಕಾಸಿಂ ಸುಲೈಮಾನಿಯನ್ನು ಕೊಂದಿತು. 2021ರ ನವೆಂಬರ್‌ನಲ್ಲಿ ಆಗಿನ ಪ್ರಧಾನಿ ಮುಸ್ತಫಾ ಅಲ್-ಕಾಧಿಮಿಯ ಮನೆ ಮೇಲೇ ಡ್ರೋನ್ ದಾಳಿ ಆಯಿತು. ಇದೆಲ್ಲ ನೋಡಿದ ಕೊಲ್ಲಿ ದೇಶದ ದೊರೆ ಹೋಟೆಲ್ ಹೇಗಿದೆ ಅಂತ ಕೇಳುವುದಿಲ್ಲ. ಇಲ್ಲಿ ಮಾತು ಕೊಟ್ಟವನಿಗೆ ಅದನ್ನು ಉಳಿಸಿಕೊಳ್ಳುವ ಶಕ್ತಿ ಇದೆಯಾ ಅಂತ ಕೇಳುತ್ತಾನೆ.

ಕುವೈತ್‌ಗೆ ಇನ್ನೊಂದು ಕಾರಣ ಇತ್ತು. ಖೋರ್ ಅಬ್ದುಲ್ಲಾ ಅನ್ನುವ ಸಮುದ್ರ ಕಾಲುವೆಯಲ್ಲಿ ಹಡಗು ಓಡಾಟದ ಬಗ್ಗೆ ಎರಡು ದೇಶಗಳು ಒಪ್ಪಂದ ಮಾಡಿಕೊಂಡಿದ್ದವು. 2023ರ ಸೆಪ್ಟೆಂಬರ್‌ನಲ್ಲಿ ಇರಾಕ್‌ನ ಸರ್ವೋಚ್ಚ ನ್ಯಾಯಾಲಯ ಅದನ್ನು ಅನುಮೋದಿಸಿದ ಕಾನೂನೇ ಅಸಾಂವಿಧಾನಿಕ ಅಂತ ಹೇಳಿತು. ವರ್ಷಗಟ್ಟಲೆ ಪಾಲಿಸಿಕೊಂಡು ಬಂದ ಒಪ್ಪಂದ ಒಂದು ತೀರ್ಪಿಗೆ ಅಲ್ಲಾಡಿತು. ಇದಾದ ಮೇಲೆ ಕುವೈತ್ ಮುನಿಸಿಕೊಳ್ಳುವುದು ಸಹಜ ತಾನೇ.

ಹಾಗಾದರೆ ಬಾಗ್ದಾದ್ ಕೈಲಿ ಆಗಿದ್ದು ಏನು? ಈಗ ಆ ಸಣ್ಣ ಕೋಣೆಯ ಕಥೆಗೆ ಬರುತ್ತೇನೆ. 2016ರಲ್ಲಿ ಸೌದಿ ಮತ್ತು ಇರಾನ್ ಸಂಬಂಧ ಕಡಿದುಕೊಂಡಿದ್ದವು. ಯೆಮೆನ್‌ನಲ್ಲಿ ಎರಡೂ ಬೇರೆ ಬೇರೆ ಕಡೆ ನಿಂತು ಕಾದಾಡುತ್ತಿದ್ದವು. 2021ರ ಏಪ್ರಿಲ್‌ನಲ್ಲಿ ಇವೆರಡರ ಅಧಿಕಾರಿಗಳು ಬಾಗ್ದಾದ್‌ನಲ್ಲಿ ಗುಟ್ಟಾಗಿ ಎದುರುಬದುರು ಕೂತರು. ಕೂರಿಸಿದ್ದು ಅಲ್-ಕಾಧಿಮಿ. ಅವರು ಪ್ರಧಾನಿಯಾಗುವ ಮೊದಲು ಗುಪ್ತಚರ ಮುಖ್ಯಸ್ಥರಾಗಿದ್ದವರು, ಎರಡೂ ಕಡೆ ಪರಿಚಯ ಇತ್ತು. ಪತ್ರಿಕೆಗಳು ಬಯಲು ಮಾಡುವ ತನಕ ಹೊರಗೆ ಯಾರಿಗೂ ಸುಳಿವಿರಲಿಲ್ಲ. 2022ರ ಏಪ್ರಿಲ್ ಹೊತ್ತಿಗೆ ಐದು ಸುತ್ತು ಮಾತುಕತೆ ಆಯಿತು. ಕಡೆಗೆ 2023ರ ಮಾರ್ಚ್ 10ರಂದು ಬೀಜಿಂಗ್‌ನಲ್ಲಿ ಸಹಿ ಬಿತ್ತು. ಹೆಸರು ಚೀನಾಕ್ಕೆ ಹೋಯಿತು. ಆದರೆ ಆ ಜಂಟಿ ಹೇಳಿಕೆಯಲ್ಲೇ ಇರಾಕ್ ಮತ್ತು ಒಮಾನ್‌ಗೆ ಥ್ಯಾಂಕ್ಸ್ ಹೇಳಿದ್ದಾರೆ.

ಯಾಕೆ ಬಾಗ್ದಾದ್‌ನಲ್ಲೇ ಸಾಧ್ಯವಾಯಿತು ಅಂತ ಯೋಚಿಸಿ. ಈ ಊರಿನ ದೌರ್ಬಲ್ಯ ಅಂತ ಹೇಳುವುದೇ ಅಲ್ಲಿ ಕೆಲಸಕ್ಕೆ ಬಂತು. ಇರಾನ್‌ಗೆ ಇಲ್ಲಿ ಎಲ್ಲರೂ ಗೊತ್ತು, ಹೆದರಿಕೆ ಇಲ್ಲ. ಸೌದಿಗೆ ಇರಾಕ್ ಪೂರ್ತಿ ಇರಾನ್ ಪಾಲಾಗಬಾರದು ಅನ್ನುವ ಕಾಳಜಿ. ಇಬ್ಬರ ಜಗಳದಲ್ಲಿ ಮೊದಲು ಏಟು ತಿನ್ನುವುದು ಇರಾಕ್, ಹಾಗಾಗಿ ರಾಜಿ ಆಗಲಿ ಅಂತ ಇರಾಕ್ ಬಯಸಿದ್ದರಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಅಧಿಕಾರಿ ಮಟ್ಟದ ಭೇಟಿಗೆ ಕೆಂಪು ಹಾಸು ಬೇಡ, ಆಹ್ವಾನ ಪಟ್ಟಿ ಬೇಡ, ಸಂಸತ್ತಿನಲ್ಲಿ ಗದ್ದಲಕ್ಕೆ ಅವಕಾಶವೂ ಇಲ್ಲ.

ಅದೇ 2021ರ ಆಗಸ್ಟ್ 28ರಂದು ಬಾಗ್ದಾದ್‌ನಲ್ಲಿ ಒಂದು ದೊಡ್ಡ ಸಮ್ಮೇಳನವೂ ಆಯಿತು. ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರನ್, ಸಿಸಿ, ಜೋರ್ಡನ್ ದೊರೆ, ಕತಾರ್ ದೊರೆ ಎಲ್ಲ ಬಂದರು. ಸೌದಿ, ಇರಾನ್ ಎರಡೂ ದೇಶದ ವಿದೇಶಾಂಗ ಸಚಿವರಿದ್ದರು. ಗುಂಪು ಫೋಟೋ ತೆಗೆಯುವಾಗ ಇರಾನ್ ಸಚಿವ ಅಮೀರ್-ಅಬ್ದುಲ್ಲಾಹಿಯಾನ್ ಹಿಂದಿನ ಸಾಲು ಬಿಟ್ಟು ದೇಶದ ಮುಖ್ಯಸ್ಥರ ಸಾಲಿಗೆ ಬಂದು ನಿಂತರು. ಮರುದಿನ ಇರಾಕ್‌ನಲ್ಲಿ ಚರ್ಚೆ ಆಗಿದ್ದು ಅದೇ. ನಮ್ಮ ಮನೆಯಲ್ಲಿ ಅವರು ಹೀಗೆ ನಿಲ್ಲಬಹುದಾ ಅಂತ. ದೊಡ್ಡ ವೇದಿಕೆ ಹಾಕಿದರೆ ಬಾಗ್ದಾದ್‌ನ ಗಾಯಗಳೂ ವೇದಿಕೆ ಮೇಲೆ ಬರುತ್ತವೆ.

ಶೃಂಗಸಭೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. 2025ರ ಸಭೆಯಲ್ಲಿ ಇರಾಕ್ ಗಾಜಾ ಮರುನಿರ್ಮಾಣಕ್ಕೆ 2 ಕೋಟಿ ಡಾಲರ್, ಲೆಬನಾನ್‌ಗೆ 2 ಕೋಟಿ ಡಾಲರ್ ಘೋಷಿಸಿತು. ನಿನ್ನೆ ಮೊನ್ನೆಯವರೆಗೆ ನೆರವು ಕೇಳುತ್ತಿದ್ದ ದೇಶ ಕೊಡುವ ಸ್ಥಾನದಲ್ಲಿ ನಿಂತದ್ದನ್ನು ನೋಡಿ ಖುಷಿಯಾಗುತ್ತದೆ. ಆದರೆ ಒಂದು ತಿಂಗಳೊಳಗೆ, ಜೂನ್ 13ರಂದು, ಇಸ್ರೇಲ್ ಇರಾನ್ ಮೇಲೆ ದಾಳಿ ಮಾಡಿತು. ಇರಾಕ್ ತನ್ನ ಆಕಾಶ ಮುಚ್ಚಿತು, ವಿಮಾನಗಳು ನಿಂತವು. ತನ್ನ ವಾಯುಪ್ರದೇಶ ಬಳಸಿದ್ದಾರೆ ಅಂತ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ತಡೆಯಲು ಅದರ ಕೈಲಿ ಆಗಲಿಲ್ಲ.

ಊರಿನವರ ಮಾತಿಗೂ ಬರಬೇಕು. ಶೃಂಗಸಭೆ ಮುಗಿದು ಬೇಸಿಗೆ ಏರಿತು. ಬಾಗ್ದಾದ್‌ನಲ್ಲಿ ಜುಲೈ, ಆಗಸ್ಟ್ ಅಂದರೆ 50 ಡಿಗ್ರಿ ಹತ್ತಿರ. ಸರ್ಕಾರಿ ಕರೆಂಟ್ ದಿನಕ್ಕೆ ಕೆಲವು ಗಂಟೆ ಇರುತ್ತದೆ, ಉಳಿದದ್ದಕ್ಕೆ ಬಡಾವಣೆಗೊಂದು ಖಾಸಗಿ ಜನರೇಟರ್. ಅದರಿಂದ ಬಣ್ಣಬಣ್ಣದ ವೈರ್‌ಗಳು ಗೋಜಲುಗೋಜಲಾಗಿ ಮನೆಮನೆಗೆ ಹೋಗಿರುತ್ತವೆ. ತಿಂಗಳ ದುಡ್ಡು ಆಂಪಿಯರ್ ಲೆಕ್ಕದಲ್ಲಿ. ಜಾಸ್ತಿ ಆಂಪಿಯರ್ ಕೊಂಡವರಿಗೆ ಎಸಿ, ಕಡಿಮೆ ಕೊಂಡವರಿಗೆ ಫ್ಯಾನ್ ಮತ್ತು ಬಲ್ಬ್. 2025ರ ಆಗಸ್ಟ್ 12ರಂದು ದೇಶದ ಬಹುಭಾಗದಲ್ಲಿ ಕರೆಂಟೇ ಹೋಯಿತು. ಪ್ರಪಂಚದಲ್ಲೇ ಅತಿ ಹೆಚ್ಚು ಎಣ್ಣೆ ಮಾರುವ ದೇಶಗಳಲ್ಲಿ ಒಂದು ಇದು! 2019ರ ಅಕ್ಟೋಬರ್‌ನಲ್ಲಿ ಹುಡುಗರು ಬಾಗ್ದಾದ್‌ನ ತಹರೀರ್ ಚೌಕಕ್ಕೆ ಇಳಿದದ್ದು ಕೆಲಸ, ಕರೆಂಟ್, ಲಂಚದ ಆಡಳಿತ ಇದೇ ವಿಷಯಕ್ಕೆ. ಆ ಚಳವಳಿಯಲ್ಲಿ ಸುಮಾರು 600 ಜನ ಸತ್ತರು. ಅವರ ಮನೆಯವರಿಗೆ ನ್ಯಾಯ ಇನ್ನೂ ಬಾಕಿ ಇದೆ. ಅತಿಥಿಗಳ ಮುಂದೆ ಸರ್ಕಾರದ ಮಾತಿಗೆ ಬೆಲೆ ಬರಬೇಕಾದರೆ ಆ ಲೆಕ್ಕವೂ ಮುಗಿಯಬೇಕು.

ಬಾಗ್ದಾದ್ ಮುಂದೆ ಕರೆಯಬೇಕಾದ ಸಭೆ ಯಾವುದು ಅಂತ ಕೇಳಿದರೆ ನಾನು ನೀರಿನ ಸಭೆ ಅನ್ನುತ್ತೇನೆ. ಟೈಗ್ರಿಸ್, ಯೂಫ್ರೆಟಿಸ್ ಎರಡೂ ಹುಟ್ಟುವುದು ಟರ್ಕಿಯಲ್ಲಿ. ಯೂಫ್ರೆಟಿಸ್ ಸಿರಿಯಾ ದಾಟಿ ಬರುತ್ತದೆ. ಟೈಗ್ರಿಸ್‌ಗೆ ಸೇರುವ ಹಲವು ಉಪನದಿಗಳು ಇರಾನ್‌ನವು. ಮೇಲೆ ಅಣೆಕಟ್ಟುಗಳು ಎದ್ದಿವೆ, ಕೆಳಗೆ ಇರಾಕ್‌ನ ದಕ್ಷಿಣದ ಜೌಗು ಪ್ರದೇಶ ಒಣಗುತ್ತಿದೆ, ಎಮ್ಮೆ ಸಾಕುವವರು ಊರು ಬಿಡುತ್ತಿದ್ದಾರೆ. 2023ರಲ್ಲಿ ಇರಾಕ್ ವಿಶ್ವಸಂಸ್ಥೆಯ ಜಲ ಒಪ್ಪಂದಕ್ಕೆ ಸೇರಿತು, ಮಧ್ಯಪ್ರಾಚ್ಯದಲ್ಲೇ ಮೊದಲ ದೇಶ. 2024ರ ಏಪ್ರಿಲ್ 22ರಂದು ಎರ್ಡೊಗಾನ್ ಬಾಗ್ದಾದ್‌ಗೆ ಬಂದಾಗ ನೀರಿನ ಬಗ್ಗೆ ಒಂದು ಚೌಕಟ್ಟು ಒಪ್ಪಂದ ಆಯಿತು. ಅದು ಇಬ್ಬರ ನಡುವಿನದು. ನಾಲ್ಕೂ ದೇಶಗಳು ಕೂತು ಎಷ್ಟು ನೀರು, ಯಾವ ತಿಂಗಳು, ಅಳೆಯುವವರು ಯಾರು ಅಂತ ಬರೆದುಕೊಳ್ಳುವ ಕೆಲಸ ಇನ್ನೂ ಆಗಬೇಕು.

ಆ ಕೆಲಸಕ್ಕೆ ದೊರೆಗಳು ಬರಬೇಕಿಲ್ಲ. ನೀರಾವರಿ ಎಂಜಿನಿಯರ್‌ಗಳು, ಕಾರ್ಯದರ್ಶಿಗಳು ಬಂದರೆ ಸಾಕು. ಒಂದು ದಿನಕ್ಕೆ ಮುಗಿಯುವುದಿಲ್ಲ, ವರ್ಷಕ್ಕೆ ನಾಲ್ಕಾರು ಸಲ ಬರಬೇಕು, ಹಾಗೆ ಬರುವವರಿಗೆ ಸೇತುವೆ ಬಂದ್ ಮಾಡಿ ಊರನ್ನು ಮನೆಯೊಳಗೆ ಕೂರಿಸುವ ಅಗತ್ಯವೂ ಇರುವುದಿಲ್ಲ. ಸೌದಿ ಮತ್ತು ಇರಾನ್ ಅಧಿಕಾರಿಗಳನ್ನು ಒಂದು ವರ್ಷ ಸದ್ದಿಲ್ಲದೆ ಕೂರಿಸಿದವರು ಇದನ್ನೂ ಮಾಡಬಲ್ಲರು. ವಿಶ್ವಸಂಸ್ಥೆಯ ರಾಜಕೀಯ ನೆರವಿನ ಮಿಷನ್ 2003ರಿಂದ ಇದ್ದದ್ದು 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಇನ್ನು ಇಂಥ ಮಾತುಕತೆಗೆ ಕುರ್ಚಿ ಹಾಕಬೇಕಾದವರು ಇರಾಕಿಗಳೇ.